ನಂದಿಬೆಟ್ಟ: ಬಂಡೆ, ಹೆಸರು ಮತ್ತು ಹವೆ

ಹಳೆಯ ಮೈಸೂರು ಸೀಮೆಯ ಪೂರ್ವ ಭಾಗವನ್ನು ಬಯಲುಸೀಮೆ ಎಂದು ಕರೆಯುವುದು ವಾಡಿಕೆಯಾದರೂ, ಆ ಬಯಲಿನ ನಡುವೆ ತಲೆಯೆತ್ತಿ ನಿಂತ ಕಲ್ಲುಬೆಟ್ಟಗಳೇ ಅಲ್ಲಿನ ಹೊಳೆಗಳ ದಿಕ್ಕನ್ನೂ ಪಾಳೆಯಗಾರರ ಗಡಿಯನ್ನೂ ಊರುಕೆರೆಗಳ ನೆಲೆಯನ್ನೂ ಬಹುಮಟ್ಟಿಗೆ ನಿರ್ಧರಿಸಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟ ಇದಕ್ಕೆ ಸ್ಪಷ್ಟವಾದ ನಿದರ್ಶನ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಈ ಶಿಖರ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದ್ದು, ಸುತ್ತಲಿನ ಬಯಲಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದಿದೆ. ಇಲ್ಲಿನ ದೇವಾಲಯ, ಕೋಟೆ ಮತ್ತು ಬೇಸಿಗೆಯ ಬಂಗಲೆಗಳ ಚರಿತ್ರೆಯನ್ನು ಬಿಡಿಬಿಡಿಯಾಗಿ ಹೇಳುವ ರೂಢಿಯಿದೆ. ಆದರೆ ಇವೆಲ್ಲಕ್ಕೂ ತಳಹದಿಯಾಗಿರುವುದು ಒಂದೇ ಸಂಗತಿ, ಬೆಟ್ಟದ ಬಂಡೆ ಮತ್ತು ಆ ಬಂಡೆ ಹಿಡಿದು ಹಂಚುವ ನೀರು.

ದಕ್ಷಿಣ ಕರ್ನಾಟಕದ ಬಹುಭಾಗದ ಅಡಿಗಲ್ಲು ನೈಸ್ ಎಂಬ ಪಟ್ಟೆಪಟ್ಟೆಯಾದ ರೂಪಾಂತರ ಶಿಲೆ. ಭೂಮಿಯ ಆಳದಲ್ಲಿ ಕರಗಿದ ಶಿಲಾರಸ ಅದರೊಳಗೆ ನುಗ್ಗಿ, ನಿಧಾನವಾಗಿ ಗಟ್ಟಿಯಾದೆಡೆಗಳಲ್ಲಿ ಗ್ರಾನೈಟ್ ರೂಪುಗೊಂಡಿದೆ. ಈ ಶಿಲೆಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಲಾಗುತ್ತದೆ. ಮೆತ್ತನೆಯ ಹಾಗೂ ಬಿರುಕುಬಿಟ್ಟ ಕಲ್ಲು ಮಳೆಗಾಳಿಗೆ ಸವೆದು ಬಯಲಾಗುತ್ತ ಹೋದಂತೆ, ಬಿರುಕು ಕಡಿಮೆಯಿದ್ದ ಗಟ್ಟಿ ಭಾಗಗಳು ಸವೆಯದೆ ಉಳಿದು ಬೆಟ್ಟಗಳಾದವು. ಮೇಲಿನ ಭಾರ ಇಳಿದಾಗ ಆಳದ ಒತ್ತಡದಲ್ಲಿದ್ದ ಶಿಲೆ ಹಿಗ್ಗಿ, ಅದರ ಮೇಲ್ಮೈಗೆ ಸಮಾನಾಂತರವಾಗಿ ಬಿರುಕುಗಳು ಮೂಡಿ, ಈರುಳ್ಳಿಯ ಪೊರೆಯಂತೆ ಪದರಗಳು ಕಳಚುತ್ತವೆ. ನಂದಿಬೆಟ್ಟದ ಮೈ ಕೆಲವೆಡೆ ಗೋಡೆಯಂತೆ ನುಣುಪಾಗಿ ಜಾರಿರುವುದೂ, ಅದರ ಬುಡದಲ್ಲಿ ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಬಿದ್ದಿರುವುದೂ ಈ ಕ್ರಿಯೆಯ ಫಲ.

ಇಂಥ ಕಲ್ಲುಬೆಟ್ಟ ನೀರಿಲ್ಲದ ಬರಡು ನೆಲವೆಂದು ಭಾವಿಸುವುದು ಸಹಜ. ವಾಸ್ತವ ಅದಕ್ಕೆ ವಿರುದ್ಧವಾದುದು. ಹಾಸುಬಂಡೆಯ ಮೇಲೆ ಬಿದ್ದ ಮಳೆ ಅಲ್ಲೇ ಇಂಗದೆ ಹರಿದು, ಬಂಡೆಯ ತಗ್ಗುಗಳಲ್ಲಿ ನಿಂತು ದೊಣೆಗಳಾಗುತ್ತದೆ. ದೊಣೆ ಎಂದರೆ ಕಲ್ಲಿನಲ್ಲೇ ಸಹಜವಾಗಿ ಉಂಟಾದ ನೀರಿನ ಗುಂಡಿ. ಪದರಗಳ ನಡುವಿನ ಬಿರುಕಿನೊಳಗೆ ಇಳಿದ ನೀರು ತಡವಾಗಿ ಒರತೆಯಾಗಿ ಹೊರಬರುತ್ತದೆ. ಬೆಟ್ಟದ ಮೇಲೆ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿರುವ ಅಮೃತ ಸರೋವರಕ್ಕೆ ಇಂಥ ಒರತೆಗಳೇ ಆಧಾರ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ನಂದಿಯ ಬೆಟ್ಟಸಾಲು ಒಂದು ಜಲವಿಭಾಜಕ, ಅಂದರೆ ಮಳೆನೀರನ್ನು ಬೇರೆಬೇರೆ ನದಿಗಳಿಗೆ ಹಂಚುವ ಏಣು. ಉತ್ತರ ಪಿನಾಕಿನಿ ಇಲ್ಲಿಂದ ಹೊರಟು ಪೆನ್ನಾರ್ ಎಂಬ ಹೆಸರಿನಲ್ಲಿ ಆಂಧ್ರವನ್ನು ದಾಟಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನಲ್ಲಿ ಪೊನ್ನೈಯಾರ್ ಆಗಿ ಕಡಲೂರಿನತ್ತ ಸಾಗುತ್ತದೆ. ಅರ್ಕಾವತಿ ದೊಡ್ಡಬಳ್ಳಾಪುರ, ರಾಮನಗರ, ಕನಕಪುರಗಳ ಮೂಲಕ ಹರಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಒಂದೇ ಬೆಟ್ಟಸಾಲಿನ ಮಳೆ ಹೀಗೆ ಮೂರು ನದಿಗಳ ಪಾಲಾಗುತ್ತದೆ.

ಹವೆಯ ವಿಷಯದಲ್ಲಿಯೂ ಎತ್ತರವೇ ನಿರ್ಣಾಯಕ. ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗಿ ತಣಿಯುವುದರಿಂದ, ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರು ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಈ ಲೆಕ್ಕದಲ್ಲಿ ನಂದಿಯ ನೆತ್ತಿ ಬೆಂಗಳೂರಿಗಿಂತ ಸುಮಾರು ಮೂರು ಡಿಗ್ರಿ ತಂಪಾಗಿರಬೇಕು. ಬೀಸುಗಾಳಿಯೂ ಮಂಜೂ ಸೇರಿದಾಗ ಅದು ಇನ್ನಷ್ಟು ತಂಪೆನಿಸುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ತಣಿದ ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ಕಣಿವೆಯನ್ನು ತುಂಬಿ ಅಲ್ಲಿ ಮಂಜಾಗುವುದರಿಂದ, ಬೆಳಗಿನ ಜಾವ ಶಿಖರ ತಿಳಿಯಾಗಿದ್ದು ಕೆಳಗಿನ ಊರುಗಳು ಮುಚ್ಚಿಹೋಗುವುದುಂಟು. ಮಳೆಗಾಲದಲ್ಲಿ ಇದು ತಿರುಗುಮುರುಗಾಗಿ, ತೇವದ ಗಾಳಿ ಬೆಟ್ಟದ ಮೈಗೆ ಬಡಿದು ಮೇಲೇರಿ ಮೋಡವಾಗಿ ನೆತ್ತಿಯನ್ನೇ ಆವರಿಸುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರಿನ ಮೊದಲ ತಿಂಗಳುಗಳು ಮಳೆಗಿಂತ ಗಾಳಿಯನ್ನೇ ಹೆಚ್ಚಾಗಿ ತರುತ್ತವೆ. ಕೆರೆ ತುಂಬಿಸುವ ಮಳೆ ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ರೈತರ ಎಣಿಕೆಯ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ತಂಪಾದ ರಾತ್ರಿ ಮತ್ತು ನೀರು ನಿಲ್ಲದ ಕೆಂಪು ಮಣ್ಣು ಬುಡದ ತಾಲ್ಲೂಕುಗಳ ದ್ರಾಕ್ಷಿ ತೋಟಗಳಿಗೆ ಒಗ್ಗಿವೆ.

ಬೆಟ್ಟದ ಹೆಸರುಗಳು ಅದನ್ನು ಯಾರು ಯಾವುದಕ್ಕಾಗಿ ನೆಚ್ಚಿಕೊಂಡಿದ್ದರು ಎಂಬುದನ್ನು ತಿಳಿಸುತ್ತವೆ. ಸ್ಥಳಪುರಾಣ ಇದನ್ನು ಕೂಷ್ಮಾಂಡ ಋಷಿ ತಪಸ್ಸು ಮಾಡಿದ ಕೂಷ್ಮಾಂಡಗಿರಿ ಎನ್ನುತ್ತದೆ. ಆನಂದಗಿರಿ ಎಂಬ ಹೆಸರೂ ಬಳಕೆಯಲ್ಲಿತ್ತು. ನಂದಿ ಎಂಬ ಹೆಸರು ಬುಡದ ಗ್ರಾಮಕ್ಕೂ ದೇವರಿಗೂ ಬೆಟ್ಟಕ್ಕೂ ಸಮಾನವಾದುದು. ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ ಅತ್ಯಂತ ಹಳೆಯ ಶಾಸನಗಳು ಸುಮಾರು ಕ್ರಿ.ಶ. 806ರವು, ನೊಳಂಬರು ಮತ್ತು ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದಿಂದ ವಿಜಯನಗರದವರೆಗೆ ಹಲವು ರಾಜಮನೆತನಗಳ ಆಶ್ರಯ ಅದಕ್ಕೆ ದೊರೆತಿದೆ. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ ಎಂಬ ಜೋಡಿ ಗಮನಾರ್ಹ: ನಂಬಿಕೆಯ ಪ್ರಕಾರ ಬುಡದಲ್ಲಿರುವುದು ಸಂಸಾರಸ್ಥನಾದ ಶಿವ, ನೆತ್ತಿಯಲ್ಲಿರುವುದು ಎಲ್ಲವನ್ನೂ ತೊರೆದ ಯೋಗಿ. ನೀರು, ಗದ್ದೆ, ಜನವಸತಿ ಇರುವ ಕಣಿವೆ ಭೋಗಕ್ಕೆ, ಕಲ್ಲು, ಚಳಿ, ಗಾಳಿಗಳ ಶಿಖರ ಯೋಗಕ್ಕೆ ಎಂಬ ಈ ವಿಂಗಡಣೆಯಲ್ಲಿ ಭೂಗೋಳವೇ ಧರ್ಮದ ಭಾಷೆ ಪಡೆದಿದೆ.

ನಂದಿದುರ್ಗ ಎಂಬ ಹೆಸರು ಕೋಟೆಯ ಕಾಲಕ್ಕೆ ಸೇರಿದ್ದು. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ವಿಸ್ತರಿಸಿ ಬಲಪಡಿಸಿದರು. ಬಹುತೇಕ ಎಲ್ಲ ದಿಕ್ಕಿನಲ್ಲೂ ಕಡಿದಾದ ಬಂಡೆಯೇ ಗೋಡೆಯಾಗಿದ್ದುದರಿಂದ, ಹತ್ತಲು ಸಾಧ್ಯವಿದ್ದ ಕಡೆ ಮಾತ್ರ ಎರಡು ಸುತ್ತಿನ ಗೋಡೆ ಕಟ್ಟಿದರೆ ಸಾಕಾಗಿತ್ತು. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಈ ದುರ್ಗವನ್ನು ಮುತ್ತಿದಾಗ, ತೋಪುಗಳನ್ನು ಮೇಲಕ್ಕೆಳೆಯಲು ಮೊದಲು ಇಳಿಜಾರಿನಲ್ಲಿ ದಾರಿ ಕಡಿಯಬೇಕಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ 1791ರ ಅಕ್ಟೋಬರ್ 19ರಂದು ಕೋಟೆ ಬಿತ್ತು. ಆ ಬಳಿಕವೂ ಹೆಸರು ಬೆಳೆಯುತ್ತಲೇ ಹೋಯಿತು. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ನಂದಿದುರ್ಗ ವಿಭಾಗವೆನಿಸಿದವು. ಕೋಲಾರದ ಚಿನ್ನದ ಗಣಿಗಳಲ್ಲೊಂದು ನಂದಿದುರ್ಗ ಗಣಿ ಎಂದೇ ಪ್ರಸಿದ್ಧವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಯ ಉಪಯೋಗ ಮುಗಿದು ಹವೆಯ ಉಪಯೋಗ ಮುಂದೆ ಬಂದಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ಗೆ ಇಲ್ಲಿ ಬೇಸಿಗೆಯ ನಿವಾಸವಿತ್ತು. ಕಾಯಿಲೆಯಿಂದ ಚೇತರಿಸಿಕೊಳ್ಳಲು ತಂಪಾದ ಜಾಗ ಬೇಕಾದಾಗ ಮಹಾತ್ಮ ಗಾಂಧಿ 1927ರಲ್ಲಿ ಇಲ್ಲಿ ತಂಗಿದರು. 1936ರಲ್ಲಿ ಮತ್ತೆ ಬಂದರು. ಬೆಟ್ಟದ ಮೇಲಿನ ತೋಪುಗಳಲ್ಲಿ ಹೊರಗಿನಿಂದ ತಂದ ನೀಲಗಿರಿ ಮರಗಳು ಬೆಳೆದರೂ, ಮೂಲದ ಬದುಕು ಬಂಡೆಗಳ ಸಂದಿಯ ಪೊದೆಗಾಡಿನಲ್ಲಿ ಉಳಿದುಕೊಂಡಿದೆ. ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿ ಇದಕ್ಕೆ ಸಾಕ್ಷಿ: ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲು ಕಾಡನ್ನು ಬಿಟ್ಟು ಬೇರೆಡೆ ಕಾಣದ, ಅಳಿವಿನ ಭೀತಿಯ ಪಟ್ಟಿಯಲ್ಲಿರುವ ಈ ಪಕ್ಷಿಗೆ ನಂದಿ ಒಂದು ಪ್ರಮುಖ ನೆಲೆ.

ನಂದಿಯ ನೀರಿನ ನಂಟು ಬೆಂಗಳೂರಿಗೂ ಇದೆ. ಆ ನಗರಕ್ಕೆ ಕೊಳವೆ ನೀರು ಮೊದಲು ಬಂದದ್ದು ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಜಲಾಶಯದಿಂದ, 1896ರಲ್ಲಿ. 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ ಜಲಾಶಯ ಅದಕ್ಕೆ ಸೇರಿತು. ನಂದಿಯ ತಪ್ಪಲಿನಿಂದ ಕೆರೆಯಿಂದ ಕೆರೆಗೆ ಕೋಡಿ ಹರಿದು ಬರುತ್ತಿದ್ದ ನೀರೇ ಈ ವ್ಯವಸ್ಥೆಯ ಮೂಲವಾಗಿತ್ತು. ಕೆರೆಗಳನ್ನು ಜೋಡಿಸುತ್ತಿದ್ದ ಕಾಲುವೆಗಳು ಒತ್ತುವರಿಯಾಗಿ, ಅಂತರ್ಜಲ ಆಳಕ್ಕಿಳಿದು, ಸುತ್ತಲಿನ ಬಂಡೆಗಳು ಕಲ್ಲುಗಣಿಗಳಿಗೆ ಬಲಿಯಾಗುತ್ತ ಬಂದಂತೆ ನದಿಯ ಹರಿವು ಕುಗ್ಗಿತು; ನಗರ ಇಂದು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತರುತ್ತಿದೆ. ಆದ್ದರಿಂದ ನಂದಿಬೆಟ್ಟದ ರಕ್ಷಣೆಯೆಂದರೆ ನೆತ್ತಿಯ ಉದ್ಯಾನ ಮತ್ತು ಕೋಟೆಯ ಗೋಡೆಗಳ ರಕ್ಷಣೆ ಮಾತ್ರವಲ್ಲ. ಸುತ್ತಲಿನ ಬಂಡೆ, ಪೊದೆಗಾಡು, ಕಾಲುವೆ ಮತ್ತು ಕೆರೆಗಳನ್ನು ಒಂದೇ ಘಟಕವೆಂದು ಕಾನೂನಿನಲ್ಲೂ ಆಚರಣೆಯಲ್ಲೂ ಕಾಪಾಡಿದರೆ ಮಾತ್ರ ಈ ಬೆಟ್ಟ ನದಿಗಳ ತವರಾಗಿ ಉಳಿಯಬಲ್ಲದು.