ಅಳತೆ ಟೇಪು ಬಾಹ್ಯಾಕಾಶಕ್ಕೆ ಹೋದ ಕಥೆ

ನಿಮ್ಮೂರ ಬಡಗಿಯ ಕೈಚೀಲದಲ್ಲಿ ಒಂದು ಸ್ಟೀಲ್ ಅಳತೆ ಟೇಪು ಇರುತ್ತದಲ್ಲ, ಎಳೆದರೆ ನೆಟ್ಟಗೆ ನಿಲ್ಲುವ, ಬಿಟ್ಟರೆ ಸರ್ರನೆ ಸುತ್ತಿಕೊಳ್ಳುವ ಟೇಪು? ಅಂಥದ್ದೇ ಟೇಪು 1970ರ ಜನವರಿಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ಕಟ್ಟಿದ ಆಸ್ಕರ್-5 ಉಪಗ್ರಹಕ್ಕೆ ಅದನ್ನೇ ಆಂಟೆನಾ ಮಾಡಿದ್ದರು. ರಾಕೆಟ್ ಒಳಗೆ ಮಡಚಿಟ್ಟರೆ ಜಾಗ ಹಿಡಿಯುವುದಿಲ್ಲ, ಹೊರಗೆ ಬಂದ ಕೂಡಲೇ ತಾನಾಗಿ ನೆಟ್ಟಗಾಗುತ್ತದೆ.

ಉಪಗ್ರಹ ಅಂದರೆ ಸರ್ಕಾರದ್ದು, ಇಲ್ಲವೇ ದೊಡ್ಡ ಕಂಪನಿಯದ್ದು ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, 60 ವರ್ಷಗಳಿಗೂ ಹಿಂದೆಯೇ ಆಕಾಶದಲ್ಲಿ ತಮಗೂ ಒಂದು ಜಾಗ ಮಾಡಿಕೊಂಡಿದ್ದಾರೆ. ಹ್ಯಾಮ್ ರೇಡಿಯೊ ಎಂದರೆ ಪರೀಕ್ಷೆ ಪಾಸು ಮಾಡಿ, ಸರ್ಕಾರದ ಲೈಸೆನ್ಸ್ ಪಡೆದು, ಲಾಭದ ಆಸೆಯಿಲ್ಲದೆ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಹವ್ಯಾಸ.

ರಷ್ಯಾದ ಸ್ಪುಟ್ನಿಕ್ ಹಾರಿದ್ದು 1957ರಲ್ಲಿ. ನಾಲ್ಕೇ ವರ್ಷಕ್ಕೆ, 1961ರ ಡಿಸೆಂಬರ್ 12ರಂದು, ಹ್ಯಾಮ್‌ಗಳ ಮೊದಲ ಉಪಗ್ರಹ ಆಸ್ಕರ್-1 ಮೇಲೇರಿತು. ಅದನ್ನು ಕಟ್ಟಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ಹವ್ಯಾಸಿಗಳು, ಅದೂ ಬಿಡುವಿನ ವೇಳೆಯಲ್ಲಿ. ತೂಕ ಸುಮಾರು ನಾಲ್ಕೂವರೆ ಕೆ.ಜಿ. ಗಾಡಿಯಲ್ಲಿ ಭಾರ ಸರಿದೂಗಿಸಲು ಕಲ್ಲು ಇಡುತ್ತೇವಲ್ಲ, ಹಾಗೆ ರಾಕೆಟ್‌ನಲ್ಲೂ ಒಂದಿಷ್ಟು ಭಾರ ಇಡುತ್ತಿದ್ದರು. ಆ ಭಾರದ ಬದಲು ನಮ್ಮ ಪೆಟ್ಟಿಗೆ ಇಡಿ ಎಂದು ಇವರು ಕೇಳಿ ಒಪ್ಪಿಸಿದರು. ರಾಕೆಟ್‌ನಿಂದ ಅದನ್ನು ಹೊರಕ್ಕೆ ತಳ್ಳಿದ ಸ್ಪ್ರಿಂಗ್ ಅಂಗಡಿಯಲ್ಲಿ ಕೊಂಡದ್ದು, ಬೆಲೆ ಸುಮಾರು ಒಂದು ಡಾಲರ್.

ಆಸ್ಕರ್-1 ಹೇಳುತ್ತಿದ್ದದ್ದು ಒಂದೇ ಮಾತು: ಮೋರ್ಸ್ ಸಂಕೇತದಲ್ಲಿ 'ಹಾಯ್'. ಆ ಬೀಪ್‌ಗಳ ವೇಗ ಲೆಕ್ಕ ಹಾಕಿದರೆ ಉಪಗ್ರಹದ ಒಳಗಿನ ಬಿಸಿ ಎಷ್ಟೆಂದು ತಿಳಿಯುತ್ತಿತ್ತು. ಬ್ಯಾಟರಿ ಮುಗಿಯುವವರೆಗೆ, ಸುಮಾರು ಮೂರು ವಾರ, ಅದು ಮಾತಾಡಿತು. 28 ದೇಶಗಳ 570ಕ್ಕೂ ಹೆಚ್ಚು ಮಂದಿ ಕೇಳಿ ವರದಿ ಕಳಿಸಿದರು.

ಮುಂದೆ 1965ರಲ್ಲಿ ಆಸ್ಕರ್-3 ಬಂತು. ಕೆಳಗಿನಿಂದ ಬಂದ ಮಾತನ್ನು ಹಿಡಿದು ಮತ್ತೆ ಕೆಳಕ್ಕೆ ಕಳಿಸುವ ಯಂತ್ರ ಅದರಲ್ಲಿತ್ತು. ಈಗ ಉಪಗ್ರಹದ ಮೂಲಕ ಒಬ್ಬರ ಜೊತೆ ಒಬ್ಬರು ಮಾತಾಡಬಹುದಿತ್ತು.

ಆದರೆ ದಾರಿ ಎಲ್ಲರಿಗೂ ತೆರೆಯಲಿಲ್ಲ. 1980ರ ದಶಕದ ಕೆಲವು ಹ್ಯಾಮ್ ಉಪಗ್ರಹಗಳು ಬಹಳ ದೂರ ಹೋಗಿ ಬರುತ್ತಿದ್ದವು. ಖಂಡಗಳಾಚೆ ಮಾತಾಡಬಹುದು ನಿಜ, ಆದರೆ ಉದ್ದನೆಯ ಆಂಟೆನಾ, ಅದನ್ನು ತಿರುಗಿಸುವ ಮೋಟಾರು, ದುಬಾರಿ ಸೆಟ್ ಬೇಕು. ಕೈಯಲ್ಲಿ ದುಡ್ಡಿಲ್ಲದವರು ಹೊರಗೇ ಉಳಿದರು.

1993ರಲ್ಲಿ ಹಾರಿದ ಎಒ-27 ಈ ಲೆಕ್ಕ ಬದಲಿಸಿದ ಉಪಗ್ರಹಗಳಲ್ಲಿ ಒಂದು. ಸಾಮಾನ್ಯ ಎಫ್‌ಎಂ ವಾಕಿಟಾಕಿಯ ಮಾತನ್ನೇ ಅದು ಹಿಡಿದು ಮರಳಿ ಕಳಿಸುತ್ತಿತ್ತು. ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಪಗ್ರಹ ತಲೆ ಮೇಲೆ ಹಾದುಹೋಗುವ ಹತ್ತು ಹದಿನೈದು ನಿಮಿಷದಲ್ಲೇ ಮುಗಿಸಬೇಕು. ಆದರೂ ಸಣ್ಣ ಸೆಟ್ ಇದ್ದವರಿಗೂ ಬಾಗಿಲು ತೆರೆಯಿತು.

ಈ ಕಥೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1 ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ 42.5 ಕೆ.ಜಿ. ಉಪಗ್ರಹ ಹಾರಿತು. ಅದನ್ನು ಇಸ್ರೊ ತನ್ನ ಬೆಂಗಳೂರು ಕೇಂದ್ರದಲ್ಲಿ ಕಟ್ಟಿತ್ತು. ಮಾತು ಹಿಡಿದು ಕಳಿಸುವ ಎರಡು ಯಂತ್ರ ಅದರಲ್ಲಿದ್ದವು. ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಮಾಡಿಕೊಟ್ಟದ್ದು. ಇದಕ್ಕೆ ಎಫ್‌ಎಂ ವಾಕಿಟಾಕಿ ಸಾಲದು, ಎಸ್‌ಎಸ್‌ಬಿ ಎಂಬ ಬಗೆಯ ಸೆಟ್ ಬೇಕಿತ್ತು. ಆದರೆ ಅದರ ಕಿವಿ ಎಷ್ಟು ಚುರುಕೆಂದರೆ, ಕಡಿಮೆ ಶಕ್ತಿಯ ಸೆಟ್ಟು, ಕೈಯಲ್ಲಿ ಹಿಡಿಯುವ ಆಂಟೆನಾ ಇದ್ದವರ ಮಾತೂ ಕೇಳುತ್ತಿತ್ತು. ಒಂಬತ್ತು ವರ್ಷ ದುಡಿದು, 2014ರ ಜುಲೈನಲ್ಲಿ ಬ್ಯಾಟರಿ ಕೆಟ್ಟು ಅದು ಸುಮ್ಮನಾಯಿತು.

2010ರ ಜುಲೈ 12ರಂದು ಹಾರಿದ ಸ್ಟಡ್‌ಸ್ಯಾಟ್ ಇನ್ನೂ ಚಿಕ್ಕದು, ಒಂದು ಕೆ.ಜಿ.ಗೂ ಕಡಿಮೆ. ಬೆಂಗಳೂರು, ಹೈದರಾಬಾದ್‌ನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಅದನ್ನು ಕಟ್ಟಿದರು. ಅದೂ ಮಾತಾಡಿದ್ದು ಹ್ಯಾಮ್‌ಗಳ ತರಂಗದಲ್ಲೇ.

ಇದೆಲ್ಲ ಬರೀ ಶೋಕಿಯೇ ಎಂದು ನೀವು ಕೇಳಬಹುದು. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಭಾರತದ ಹ್ಯಾಮ್‌ಗಳ ಒಂದು ತಂಡ ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿತ್ತು. ಅವರು ಹೋಗಿದ್ದು ಹವ್ಯಾಸಕ್ಕೆ. ಫೋನುಗಳು ಸತ್ತಾಗ ಬದುಕಿದವರ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಿದ್ದು ಅವರ ರೇಡಿಯೊ. ಅಂದು ಉಪಗ್ರಹವಿಲ್ಲದೆಯೇ ಆ ಕೆಲಸ ನಡೆಯಿತು. ಆದರೆ ಗೋಪುರ ಬಿದ್ದಾಗ, ಕರೆಂಟು ಹೋದಾಗ, ಸೆಟ್ಟು ಬಳಸಬಲ್ಲ ಒಬ್ಬರು ಆ ಊರಲ್ಲೇ ಇರಬೇಕು. ಈ ವಿದ್ಯೆ ದುಡ್ಡಿದ್ದವರ ಮನೆಯಲ್ಲೇ ಉಳಿದರೆ ಅಂಥವರು ಹಳ್ಳಿಯಲ್ಲಿ ಎಲ್ಲಿಂದ ಸಿಗಬೇಕು?

ಹಳೆಯ ಕಥೆ ಓದುತ್ತಾ ನಮಗೆ ಕಂಡದ್ದು ಇಷ್ಟು. ಉಪಗ್ರಹ ಮೇಲೇರಿದ ಮಾತ್ರಕ್ಕೆ ಅದು ಎಲ್ಲರದ್ದಾಗಲಿಲ್ಲ. ಕೆಳಗಿರುವವರ ಕೈಯಲ್ಲಿ ಏನಿದೆ ಎಂದು ಕಟ್ಟುವವರು ಯೋಚಿಸಿದಾಗ ಎಲ್ಲರದ್ದಾಯಿತು.

ಈಗ ಕೇಳುವುದು ಇನ್ನೂ ಸುಲಭ. ಟಿವಿ ನೋಡಲೆಂದು ಮಾಡಿದ ಸಣ್ಣ ಯುಎಸ್‌ಬಿ ಡಾಂಗಲ್ ರೇಡಿಯೊ ರಿಸೀವರ್ ಆಗಿಯೂ ಕೆಲಸ ಮಾಡುತ್ತದೆ ಎಂದು 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡರು. ಒಂದು ಲ್ಯಾಪ್‌ಟಾಪ್, ಆ ಡಾಂಗಲ್, ಒಂದು ಆಂಟೆನಾ ಇದ್ದರೆ ಸಾಕು. ಮಾತಾಡಬೇಕೆಂದರೆ ಮಾತ್ರ ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು.

ಆಂಟೆನಾ ಯಾವುದರಿಂದ ಅಂತೀರಾ? ಒಂದು ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡ ಕಟ್ಟಿದ ಸ್ಟೀಲ್ ಟೇಪಿನ ತುಂಡುಗಳು. ಲೋಕದ ಎಷ್ಟೋ ಹವ್ಯಾಸಿಗಳು ಹೀಗೇ ಮಾಡಿಕೊಳ್ಳುತ್ತಾರೆ. ಬಡಗಿಯ ಹಳೆಯ ಟೇಪು ಸಿಕ್ಕರೆ ಎಸೆಯಬೇಡಿ.