54ರ ಕಾನೂನು, 54 ಕಾಯಿಲೆ

ಕಳೆದ ವರ್ಷ ಇಳಕಲ್ಲಿಗೆ ಹೋದಾಗ ನಮ್ಮ ಚಿಗವ್ವನ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನಲವತ್ತು ವರ್ಷ ಮಗ್ಗ ತುಳಿದ ಕಾಲು ಅದು. ಮೂರು ವಾರವಾದರೂ ಗಾಯ ಮಾಯ್ದಿರಲಿಲ್ಲ. ಶುಗರ್ ಗುಳಿಗಿ ತಗೊಳ್ಳಾಕತ್ತೀಯಿಲ್ಲೋ ಅಂತ ಕೇಳಿದೆ.

"ಬಿಟ್ಟು ಎರಡು ತಿಂಗಳಾತು ತಮ್ಮಾ. ಮೊಬೈಲಿನ್ಯಾಗ ಒಂದು ಪುಡಿ ಬಂದೈತಿ. ನಿನ್ನಂಗ ಕೋಟ್ ಹಾಕ್ಕೊಂಡು, ಸುದ್ದಿ ಓದಿದಂಗ ಹೇಳಿದ್ರು. ಅವ್ರು ಸುಳ್ಳ ಹೇಳ್ತಾರೇನು?"

ನಿಜ ಹೇಳುತ್ತೇನೆ, ಆ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು. ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಹುಡುಗನಾಗಿದ್ದಾಗ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ, ನಾಟಕದ ಟೆಂಟುಗಳ ನಡುವೆ ಒಬ್ಬ ಚಾಪೆ ಹಾಸಿಕೊಂಡು ಕೂರುತ್ತಿದ್ದ. ಬೇರು, ಬಣ್ಣದ ಎಣ್ಣೆ ಬಾಟ್ಲಿ, ಕೈಯಲ್ಲಿ ಮೈಕು. ಮಂಡಿನೋವಿನಿಂದ ಬಂಜೆತನದವರೆಗೆ ಎಲ್ಲಕ್ಕೂ ಒಂದೇ ಎಣ್ಣೆ! ಗುಂಪಿನಿಂದ ಒಬ್ಬ ಎದ್ದು "ನನಗ ಆರಾಮಾತು" ಅನ್ನುತ್ತಿದ್ದ. ಮರುದಿನವೂ ಅದೇ ಮನುಷ್ಯ ಎದ್ದು ಅದೇ ಮಾತು ಹೇಳುತ್ತಿದ್ದ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಕ್ಲಾರ್ಕ್ ಸ್ಟ್ಯಾನ್ಲಿ ಎಂಬಾತ ವರ್ಷಗಟ್ಟಲೆ 'ಹಾವಿನೆಣ್ಣೆ' ಮಾರಿದ. 1906ರಲ್ಲಿ ಅಲ್ಲಿ ಆಹಾರ ಮತ್ತು ಔಷಧ ಕಾನೂನು ಬಂತು. ಮುಂದೆ ಸರ್ಕಾರ ಅವನ ಬಾಟ್ಲಿಯನ್ನು ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಮಿನರಲ್ ಆಯಿಲ್, ಒಂದಿಷ್ಟು ಕೊಬ್ಬು, ಮೆಣಸಿನಕಾಯಿಯ ಖಾರ. ಹಾವು ಎಲ್ಲಿಯೂ ಇರಲಿಲ್ಲ. ದಂಡ ಎಷ್ಟು ಗೊತ್ತೇ? ಬರೀ 20 ಡಾಲರ್.

ನಮ್ಮಲ್ಲಿ ಬ್ರಿಟಿಷ್ ಸರ್ಕಾರ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದಲ್ಲಿ ಔಷಧ ವಿಚಾರಣಾ ಸಮಿತಿ ಮಾಡಿತು. 1940ರಲ್ಲಿ ಔಷಧ ಕಾನೂನು ಬಂತು. ಆದರೆ ಅದರ ಕಣ್ಣಿದ್ದದ್ದು ಬಾಟ್ಲಿಯೊಳಗಿನ ಮಾಲಿನ ಮೇಲೆ. ಬಾಟ್ಲಿ ಮಾರುವ ಮಾತಿಗೆ ಕಡಿವಾಣ ಹಾಕಲು ಸ್ವತಂತ್ರ ಭಾರತವೇ ಬರಬೇಕಾಯಿತು. 1954ರಲ್ಲಿ, ನಮ್ಮ ಬಾಗಲಕೋಟೆ ಇನ್ನೂ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿದ್ದಾಗ, ಸಂಸತ್ತು ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾನೂನನ್ನು ಪಾಸು ಮಾಡಿತು.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಹಮ್‌ದರ್ದ್ ದವಾಖಾನಾ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. ಜಾಹೀರಾತು ನಮ್ಮ ವಾಕ್ ಸ್ವಾತಂತ್ರ್ಯ ಎಂಬುದು ಅವರ ವಾದ. 1959ರ ಡಿಸೆಂಬರ್‌ನಲ್ಲಿ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಆದರೆ ಯಾವ ಕಾಯಿಲೆಯನ್ನಾದರೂ ನಿಯಮದ ಮೂಲಕ ಸೇರಿಸಿಕೊಳ್ಳುವ ಸರ್ಕಾರದ ಅಧಿಕಾರವನ್ನು ರದ್ದು ಮಾಡಿತು. ಹಾಗಾಗಿ 1963ರ ತಿದ್ದುಪಡಿಯಲ್ಲಿ ಕಾಯಿಲೆಗಳ ಹೆಸರುಗಳೇ ಕಾನೂನಿನೊಳಗೆ ಬಂದವು. ಒಟ್ಟು 54. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಹೃದ್ರೋಗ, ಪಾರ್ಶ್ವವಾಯು, ಬೊಜ್ಜು, ಎತ್ತರ ಹೆಚ್ಚಿಸುವುದು, ಎಲ್ಲವೂ ಇದೆ. ಚಿಗವ್ವನ ಬೆರಳು ಯಾವುದರ ಕಡೆ ಹೊರಟಿತ್ತೋ, ಆ ಗ್ಯಾಂಗ್ರೀನ್ ಕೂಡ ಇದೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜನರಿಗೆ ಜಾಹೀರಾತು ಕೊಡುವುದೇ ಅಪರಾಧ.

ಹಾಗಾದರೆ ಇವತ್ತಿನ ಪುಡಿ ಮಾರುವವರು ತಪ್ಪಿಸಿಕೊಳ್ಳುವುದು ಹೇಗೆ? "ಇದು ಔಷಧ ಅಲ್ರಿ, ಸಪ್ಲಿಮೆಂಟ್" ಅನ್ನುತ್ತಾರೆ. ನಾನು ಓದಿದ್ದು ಇಂಜಿನಿಯರಿಂಗ್. ಎರಡೇ ದಾರಿ ಇದ್ದಾಗ ಎರಡನ್ನೂ ಪರೀಕ್ಷೆ ಮಾಡು ಅಂತ ಅಲ್ಲಿ ಕಲಿಸುತ್ತಾರೆ. ಮಾಡೋಣ.

ಅದು ಆಹಾರ ಅನ್ನುವುದಾದರೆ, 2016ರ ನಿಯಮದ ಪ್ರಕಾರ ಡಬ್ಬಿಯ ಮೇಲೆ 'ಹೆಲ್ತ್ ಸಪ್ಲಿಮೆಂಟ್', 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂದು ಬರೆದಿರಬೇಕು. ಅಂದರೆ ಔಷಧಿಯಾಗಿ ಬಳಸುವಂತಿಲ್ಲ. ಡಬ್ಬಿ ಹಾಗೆ ಹೇಳುವಾಗ ಜಾಹೀರಾತು ಶುಗರ್ ವಾಸಿ ಅಂದರೆ ಅದು ದಾರಿ ತಪ್ಪಿಸುವ ಜಾಹೀರಾತು. ಆಹಾರ ಕಾನೂನಿನಲ್ಲಿ ಅದಕ್ಕೆ 10 ಲಕ್ಷದವರೆಗೆ ದಂಡ ಇದೆ. ಇಲ್ಲ, ಕಾಯಿಲೆ ವಾಸಿ ಮಾಡಲಿಕ್ಕೇ ಮಾರುತ್ತೇವೆ ಅಂದರೆ 1954ರ ಕಾನೂನಿಗೆ ಅದು ಔಷಧ. ಆಗ ಆ 54ರ ಪಟ್ಟಿ ಅಡ್ಡ ಬರುತ್ತದೆ. ಯಾವ ಕಡೆಯಿಂದ ಬಂದರೂ ಬಾಗಿಲು ಮುಚ್ಚಿದೆ.

ಆದ್ದರಿಂದ ಪುಡಿಯಲ್ಲಿ ಏನಿದೆ ಅಂತ ತಿಳಿಯಲು ನೀವು ವಿಜ್ಞಾನಿ ಆಗಬೇಕಿಲ್ಲ. ದೊಡ್ಡ ಕಾಯಿಲೆಯ ಹೆಸರಿನ ಪಕ್ಕದಲ್ಲಿ 'ಬುಡಸಮೇತ ವಾಸಿ' ಅಂತ ಕಂಡರೆ ಸಾಕು, ಅಲ್ಲೇ ನಿಲ್ಲಿ. ಡಬ್ಬಿಯ ಮೇಲಿನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ ಮರುಳಾಗಬೇಡಿ. ಅದು ಆಹಾರದ ವ್ಯಾಪಾರಕ್ಕೆ ಕೊಟ್ಟ ಪರವಾನಗಿ, ಗುಣವಾಗುತ್ತದೆ ಎಂಬುದಕ್ಕೆ ಪುರಾವೆ ಅಲ್ಲ. ಡಾಕ್ಟರ್ ಕೊಟ್ಟ ಗುಳಿಗೆ ಬಿಡಿ ಅಂದರಂತೂ ಕೂಡಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ದೊಡ್ಡವರನ್ನೂ ಕಾನೂನು ಬಿಟ್ಟಿಲ್ಲ. ಭಾರತೀಯ ವೈದ್ಯಕೀಯ ಸಂಘದ ಅರ್ಜಿಯ ಮೇಲೆ, 2024ರ ಏಪ್ರಿಲ್‌ನಲ್ಲಿ ಪತಂಜಲಿ ಆಯುರ್ವೇದ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಬೇಕಾಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್, ಜಾಹೀರಾತು ಪ್ರಸಾರಕ್ಕೆ ಮೊದಲು ಸ್ವಯಂ ಘೋಷಣೆ ಸಲ್ಲಿಸಬೇಕು ಎಂದಿತು.

ಈಗ ಚಿಗವ್ವನ ಪ್ರಶ್ನೆಗೆ ಬರುತ್ತೇನೆ. ಕೋಟ್ ಹಾಕಿಕೊಂಡವರು ಸುಳ್ಳು ಹೇಳುತ್ತಾರೆಯೇ? ಹೇಳುತ್ತಾರೆ. ನಾನು ಸುದ್ದಿ ಓದುವ ಚಾನೆಲ್‌ನಲ್ಲೇ ಮಧ್ಯಾಹ್ನ ದುಡ್ಡು ಕೊಟ್ಟವರ 'ಆರೋಗ್ಯ ಕಾರ್ಯಕ್ರಮ' ಬರುತ್ತಿತ್ತು. ಅದು ಜಾಹೀರಾತು ಎಂಬ ಮಾತು ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ. ಮೊಬೈಲಿನವನು ನಮ್ಮ ವೇಷ ಕದ್ದ, ಸರಿ. ಆದರೆ ಆ ವೇಷವನ್ನು ಮೊದಲು ಬಾಡಿಗೆಗೆ ಬಿಟ್ಟವರು ನಾವೇ. ಜಾತ್ರೆಯಲ್ಲಿ ಎದ್ದು ನಿಲ್ಲುತ್ತಿದ್ದ ಆ ಮನುಷ್ಯನಿಗೂ ನನಗೂ ಎಷ್ಟು ದೂರ?

ಬಾಗಲಕೋಟೆಯ ಡಾಕ್ಟರು ಚಿಗವ್ವನ ಬೆರಳು ಉಳಿಸಿದರು. ಇನ್ನು ಹದಿನೈದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು. ಈಗ ಗುಳಿಗೆ ತಪ್ಪಿಸುವುದಿಲ್ಲ. ಫೋನ್ ಮಾಡಿದಾಗೆಲ್ಲ ಒಂದು ಮಾತು ಕೇಳುತ್ತಾಳೆ: "ನಿಮ್ಮ ಟಿವಿಯಾಗ ಅದು ಬಂದಾತೋ, ಇನ್ನೂ ನಡದೈತೋ?"