ಅಳಿವೆಯಲ್ಲಿ ಹಡಗು, ಹೊಸಕೋಟೆಯಲ್ಲಿ ಇಂಧನ: ಮಂಗಳೂರಿನ ಎರಡು ಬಂದರುಗಳ ಜಲಮಾರ್ಗ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನದಿಗಳಲ್ಲಿ ಹಡಗು ಚಲಿಸುವುದಿಲ್ಲ ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಕಾವೇರಿಯನ್ನು ಕೂಡುತ್ತದೆ. ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆ ಸೀಮೆಗಳನ್ನು ಹಾದು ತಮಿಳುನಾಡಿನಲ್ಲಿ ಪೊನ್ನೈಯಾರ್ ಎನಿಸಿಕೊಂಡು ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯು ಪಟ್ಟಿ ಮಾಡಿದ 111 ಜಲಮಾರ್ಗಗಳಲ್ಲಿ ಸಾತನೂರು ಅಣೆಕಟ್ಟೆಯಿಂದ ಕೆಳಗಿನ ಪೊನ್ನೈಯಾರ್ ಕೂಡ ಒಂದು. ಹೊಸಕೋಟೆಯ ಸೇತುವೆಯ ಮೇಲೆ ನಿಂತು ಕೆಳಗಿನ ಹಳ್ಳವನ್ನು ನೋಡಿದವರಿಗೆ ಇದು ಸರ್ಕಾರಿ ವಿನೋದವೆನಿಸಿದರೆ ಆಶ್ಚರ್ಯವಿಲ್ಲ.

ಆದರೂ ಈ ಜಿಲ್ಲೆಗೂ ಹಡಗುಗಳಿಗೂ ನಂಟಿದೆ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿರುವ ತೈಲ ಸಂಗ್ರಹಾಗಾರಗಳಿಗೆ ಮಂಗಳೂರಿನಿಂದ ಹಾಸನದ ಮೂಲಕ 360 ಕಿ.ಮೀ.ಗೂ ಅಧಿಕ ಉದ್ದದ ಕೊಳವೆಮಾರ್ಗದಲ್ಲಿ ಪೆಟ್ರೋಲ್, ಡೀಸೆಲ್ ಹರಿದುಬರುತ್ತದೆ. ಆ ಇಂಧನವಾಗುವ ಕಚ್ಚಾತೈಲವು ಮಂಗಳೂರಿನ ಸಂಸ್ಕರಣಾಗಾರಕ್ಕೆ ಬಹುತೇಕ ಸಮುದ್ರದಿಂದಲೇ ಬರಬೇಕು. ಶಿರಾಡಿ ಘಾಟಿಯನ್ನು ಹತ್ತಿ ನೆಲಮಂಗಲದತ್ತ ಬರುವ ಅಡುಗೆ ಅನಿಲದ ಟ್ಯಾಂಕರುಗಳ ಸಾಲೂ ಅದೇ ಕಡಲತೀರದಿಂದ ಹೊರಟದ್ದು. ಹಾಗಾಗಿ ಪಣಂಬೂರಿನ ಕಡಲಲ್ಲಿ ಒಂದು ಹಡಗನ್ನು ಎರಡು ಟಗ್‌ಗಳು ತಳ್ಳಿ ಒಳಗೆ ತರುವ ದೃಶ್ಯವು ಪ್ರವಾಸಿಗರಿಗೆ ಕೇವಲ ನೋಟವಾದರೂ, ಒಳನಾಡಿನವರಿಗೆ ದೈನಂದಿನ ಬದುಕಿನ ಒಂದು ಭಾಗವೇ ಆಗಿದೆ.

ಅಳಿವೆಯ ಮರಳು

ಮಂಗಳೂರಿಗೆ ಎರಡು ಬಂದರುಗಳು ಏಕೆ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರವಿದೆ: ಮರಳು. ಉತ್ತರದಿಂದ ಗುರುಪುರ ನದಿ (ಫಲ್ಗುಣಿ), ಪೂರ್ವದಿಂದ ನೇತ್ರಾವತಿ ಬಂದು ಒಂದೇ ಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ಬಾಗಿಲಿನ ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲದ ಕೋಟೆಪುರ. ಕರಾವಳಿಯವರು ಇದನ್ನು ಅಳಿವೆ ಬಾಗಿಲು ಎನ್ನುತ್ತಾರೆ. ಮಳೆಗಾಲದಲ್ಲಿ ನದಿಗಳು ಹೊತ್ತು ತರುವ ಹೂಳು, ಅಲೆಗಳು ತಳ್ಳುವ ಮರಳು ಇಲ್ಲಿ ಸಂಧಿಸಿ ದಿಬ್ಬ ಕಟ್ಟುತ್ತವೆ. ದಿಬ್ಬದ ಮೇಲೆ ನೀರಿನ ಆಳ ಕಡಿಮೆ, ಅಲೆಯ ಅಬ್ಬರ ಹೆಚ್ಚು. ಇಲ್ಲಿ ಭರತ–ಇಳಿತಗಳ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್ ಮಾತ್ರ. ಆ ಒಂದೂವರೆ ಮೀಟರಿನ ಲೆಕ್ಕದಲ್ಲಿಯೇ ದೋಣಿಗಳು ಒಳಗೆ ಬರುವ, ಹೊರಗೆ ಹೋಗುವ ವೇಳೆ ನಿಗದಿಯಾಗುತ್ತದೆ.

ಹಳೆಯ ಬಂದರು ಇರುವುದು ಗುರುಪುರ ನದಿಯ ಪೂರ್ವದಂಡೆಯಲ್ಲಿ, ಊರಿನವರ ಮಾತಿನಲ್ಲಿ ಬಂದರ್ ಪ್ರದೇಶದ ಧಕ್ಕೆಯಲ್ಲಿ. ರಾಜ್ಯದಲ್ಲಿ ನದಿಯ ಜಲಮಾರ್ಗದಲ್ಲಿ ಸರಕುನೌಕೆ ಸಾಗುವುದನ್ನು ದಡದಿಂದಲೇ ನೋಡಬಹುದಾದ ಸ್ಥಳಗಳಲ್ಲಿ ಇದೇ ಮುಖ್ಯವಾದುದು. ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಈ ಪಟ್ಟಣವನ್ನು ಕಂಡು ಬರೆದಿದ್ದಾನೆ. ಈ ನದಿಯೊಳಕ್ಕೆ ಯುದ್ಧನೌಕೆಗಳು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಕಾವಲುಗೋಪುರವೇ ಇಂದಿನ ಸುಲ್ತಾನ್ ಬತ್ತೇರಿ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ನದಿಯ ದಂಡೆಗಳ ಜೇಡಿಮಣ್ಣು ದೋಣಿಗಳಲ್ಲಿ ಬರುತ್ತಿತ್ತು, ಹೆಂಚು ಹಡಗೇರಿ ಹೊರಡುತ್ತಿತ್ತು.

ಉಗಿಹಡಗುಗಳು ಬಂದ ಮೇಲೆ ನದಿಬಂದರಿನ ಕೊರತೆ ಎದ್ದುಕಂಡಿತು. ದೊಡ್ಡ ಹಡಗು ದಿಬ್ಬವನ್ನು ದಾಟಲಾರದೆ ಹೊರಗಿನ ಕಡಲಿನಲ್ಲಿಯೇ ಲಂಗರು ಹಾಕುತ್ತಿತ್ತು. ಸರಕನ್ನು ದೋಣಿಗಳಿಗೆ ಇಳಿಸಿ ಧಕ್ಕೆಗೆ ತರಬೇಕಾಗಿತ್ತು. ಮಳೆಗಾಲದಲ್ಲಿ ಅದೂ ಸಾಧ್ಯವಿರಲಿಲ್ಲ. ಸರ್ವಋತು ಬಂದರು ಬೇಕೆಂಬ ಬೇಡಿಕೆಯ ಹಿಂದಿದ್ದುದು ಈ ಅನುಭವ. ಅದಕ್ಕಾಗಿ ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು ಇಂದಿಗೂ ಬಂದರಿನೊಂದಿಗೆ ಬೆಸೆದುಕೊಂಡಿದೆ.

ಹಳೆಯ ಧಕ್ಕೆ ಮಾತ್ರ ನಿರುದ್ಯೋಗಿಯಾಗಿಲ್ಲ. ಲಕ್ಷದ್ವೀಪಕ್ಕೆ ಸಿಮೆಂಟ್, ಜಲ್ಲಿ, ಮರಳು, ತರಕಾರಿ, ದಿನಸಿ ಹೊತ್ತೊಯ್ಯುವ ಮಂಜಿಗಳು ಇಲ್ಲಿಂದಲೇ ಹೊರಡುತ್ತವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ನೆನೆದರೆ ಈ ಸಂಬಂಧದ ಹಳಮೆ ತಿಳಿಯುತ್ತದೆ. ಹಾಯಿಯ ಕಾಲ ಮುಗಿದು ಮಂಜಿಗಳಿಗೆ ಎಂಜಿನ್ ಬಂದಿದೆ, ಆದರೆ ಮಳೆಗಾಲದ ನಿರ್ಬಂಧ ಹಾಗೆಯೇ ಉಳಿದಿದೆ. ಕಡಲು ಶಾಂತವಾದ ಮೇಲೆ ಹೊರಡುವ ಮೊದಲ ಮಂಜಿಗಾಗಿ ದ್ವೀಪದ ಮನೆಗಳು ಕಾದಿರುತ್ತವೆ.

ಅಳಿವೆ ಬಾಗಿಲಿನ ಎರಡೂ ಬದಿಗೆ ಕಲ್ಲಿನ ತಡೆಗೋಡೆಗಳನ್ನು ಕಟ್ಟಲಾಗಿದೆ. ಆದರೂ ಹೂಳಿನ ಸಮಸ್ಯೆ ತೀರಿಲ್ಲ, ಹೂಳೆತ್ತುವಂತೆ ಮೀನುಗಾರರು ಒತ್ತಾಯಿಸುತ್ತಲೇ ಬಂದಿದ್ದಾರೆ. ದಡದವರೆಗೆ ಕ್ಷೇಮವಾಗಿ ಬಂದ ದೋಣಿ ಮನೆಯ ಬಾಗಿಲಿನಲ್ಲಿಯೇ ಮಗುಚುವ ದುರಂತ ಕರಾವಳಿಯ ಅಳಿವೆಗಳಿಗೆ ಹೊಸದಲ್ಲ.

ಪಣಂಬೂರಿನ ಕಾಲುವೆ

ನವಮಂಗಳೂರು ಬಂದರನ್ನು ನದಿಯಿಂದ ದೂರವಾಗಿ, ನಗರದ ಉತ್ತರಕ್ಕಿರುವ ಪಣಂಬೂರಿನಲ್ಲಿ ನಿರ್ಮಿಸಲಾಯಿತು. ನೆಲವನ್ನೇ ಅಗೆದು ಕೃತಕ ಕೊಳ ಮಾಡಿ, ಅದಕ್ಕೆ ಕಡಲಿನಿಂದ ಆಳದ ಕಾಲುವೆಯೊಂದನ್ನು ತೋಡಲಾಯಿತು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಕಬ್ಬಿಣದ ಅದಿರನ್ನು ಕೊಳವೆಯಲ್ಲಿ ಇಳಿಸಿ ರಫ್ತು ಮಾಡಿದ ದಿನಗಳು 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಾಗ ಮುಗಿದವು. ಆಮೇಲೆ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ರಸಗೊಬ್ಬರ, ಕಾಫಿ ತುಂಬಿದ ಕಂಟೇನರುಗಳು ಬಂದರಿನ ಮುಖ್ಯ ಸರಕಾದವು.

ಪ್ರವೇಶ ಕಾಲುವೆಯ ಉದ್ದ ಸುಮಾರು 7.5 ಕಿ.ಮೀ. ಮರಳಿನ ಮೇಲೆ ನಿಂತವರಿಗೆ ಅದು ಕಾಣಿಸುವುದಿಲ್ಲ. ಎಲ್ಲವೂ ಒಂದೇ ಸಮನಾದ ನೀರು. ಹಡಗಿಗೆ ದಾರಿ ತೋರುವವು ಬೋಯ್ ಎಂದು ಕರೆಯಲಾಗುವ ತೇಲುಗುರುತುಗಳು. ಭಾರತದಲ್ಲಿ ಪಾಲಿಸುವ ಪದ್ಧತಿಯಂತೆ ಕಡಲಿನಿಂದ ಒಳಬರುವ ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಗುರುತುಗಳಿರುತ್ತವೆ. ಅಮೆರಿಕ ಖಂಡಗಳಲ್ಲಿ, ಜಪಾನಿನಲ್ಲಿ ಇದು ತಿರುವುಮುರುವು.

ಕಾಲುವೆಯನ್ನು ಪ್ರವೇಶಿಸುವ ಮುನ್ನ ಬಂದರಿನ ಪೈಲಟ್ ಪುಟ್ಟ ದೋಣಿಯಲ್ಲಿ ಹೋಗಿ ಹಗ್ಗದ ಏಣಿಯಿಂದ ಹಡಗನ್ನು ಏರುತ್ತಾರೆ. ಸ್ಥಳೀಯ ನೀರನ್ನು ಬಲ್ಲ ಈ ಅಧಿಕಾರಿಯ ಮಾತಿನಂತೆ ಹಡಗು ನಡೆಯುತ್ತದೆ. ಮುಂದಿನ ಕೆಲಸ ಟಗ್‌ಗಳದು. ಹಡಗಿನ ವೇಗ ತಗ್ಗಿದಷ್ಟೂ ಅದರ ಚುಕ್ಕಾಣಿಗೆ ನೀರಿನ ಹಿಡಿತ ತಪ್ಪುತ್ತದೆ. ಹತ್ತಾರು ಸಾವಿರ ಟನ್ ತೂಕ ಚಲಿಸುತ್ತಲೇ ಇರುತ್ತದೆ, ಆದರೆ ತಿರುಗಲಾರದು, ಥಟ್ಟನೆ ನಿಲ್ಲಲಾರದು. ಆಗ ಒಂದು ಟಗ್ ಮುಂಭಾಗಕ್ಕೆ ಮೂತಿಯೊಡ್ಡಿ ತಳ್ಳುತ್ತದೆ, ಮತ್ತೊಂದು ಹಿಂದಿನಿಂದ ಹಗ್ಗ ಬಿಗಿದು ಎಳೆಯುತ್ತದೆ. ಸುತ್ತಲೂ ದಪ್ಪ ರಬ್ಬರು, ಹಳೆಯ ಟೈರುಗಳನ್ನು ತೊಟ್ಟ ಈ ಗಿಡ್ಡ ನೌಕೆಯ ದೇಹದ ಬಹುಪಾಲು ಎಂಜಿನ್ನೇ. ಆಧುನಿಕ ಟಗ್‌ಗಳ ಪಂಖಗಳು ಸುತ್ತ 360 ಡಿಗ್ರಿ ತಿರುಗಬಲ್ಲವು. ಆದುದರಿಂದ ಅವು ಏಡಿಯಂತೆ ಅಡ್ಡಡ್ಡಲಾಗಿಯೂ ಚಲಿಸುತ್ತವೆ.

ಈ ದುಡಿಮೆಯ ಅಪಾಯ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ರಾಜ್ಯಕ್ಕೆ ತಿಳಿಯಿತು. ಕಚ್ಚಾತೈಲದ ಅತಿದೊಡ್ಡ ಹಡಗುಗಳು ಬಂದರಿನೊಳಕ್ಕೆ ಬಾರದೆ ಹೊರಗಡಲಿನ ತೇಲುನಿಲ್ದಾಣದಲ್ಲಿಯೇ ನಿಂತು ಕೊಳವೆಗೆ ತೈಲ ಇಳಿಸುತ್ತವೆ. ಆ ನಿಲ್ದಾಣದ ಕೆಲಸಕ್ಕಿದ್ದ ಎರಡು ಟಗ್‌ಗಳು ಬಿರುಗಾಳಿಗೆ ಸಿಕ್ಕವು. ಅಲಯನ್ಸ್ ಎಂಬ ಟಗ್ ಮಗುಚಿ ಪಡುಬಿದ್ರಿ ಕಡಲತೀರಕ್ಕೆ ಬಂದು ಬಿತ್ತು. ಅದರಲ್ಲಿದ್ದ ಕೆಲವರು ಈಜಿ ದಡ ಸೇರಿದರು, ಕೆಲವರು ಜೀವ ಕಳೆದುಕೊಂಡರು. ಕೋರಮಂಡಲ್ ಸಪೋರ್ಟರ್ 9 ಬಂಡೆಗಳಿಗೆ ಸಿಲುಕಿತು. ಅದರ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ರಕ್ಷಿಸಿದವು. ದೇವನಗೊಂದಿಗೆ ಹರಿದುಬರುವ ಇಂಧನದ ಹಿಂದೆ ಇಂಥವರ ದುಡಿಮೆಯೂ ಇದೆ.

ದೊಡ್ಡ ಹಡಗುಗಳನ್ನೂ ಮಳೆಗಾಲದ ಕಡಲು ಬಿಟ್ಟಿಲ್ಲ. 2007ರ ಜೂನ್‌ನಲ್ಲಿ ಎರಿಟ್ರಿಯಾದ ಡೆನ್ ಡೆನ್ ಮಂಗಳೂರಿನ ಬಳಿ ಮಗುಚಿತು. 2009ರ ಜುಲೈನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ವಾಲಿ ಮುಳುಗಿತು, ಅದರ 18 ಮಂದಿ ಉಳಿದರು. ಒದ್ದೆಯಾದ ಅದಿರಿನ ಪುಡಿ ಅಲೆಯ ಕುಲುಕಾಟಕ್ಕೆ ಕೆಸರಿನಂತಾಗಿ ಒಂದೇ ಬದಿಗೆ ಸರಿಯಬಲ್ಲದು. 2022ರ ಜೂನ್‌ನಲ್ಲಿ ಉಕ್ಕು ಹೊತ್ತಿದ್ದ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಬಳಿ ಮುಳುಗಿದಾಗ 15 ಸಿರಿಯನ್ನರನ್ನು ರಕ್ಷಿಸಲಾಯಿತು.

ನೋಡುವವರಿಗೆ

ಬಂದರಿನ ಬಾಯಿಯ ದಕ್ಷಿಣಕ್ಕೇ ಇರುವ ಪಣಂಬೂರು ಕಡಲತೀರದಿಂದ ಹಡಗಿನ ಪ್ರವೇಶ ಚೆನ್ನಾಗಿ ಕಾಣುತ್ತದೆ. ದಿಗಂತದಲ್ಲಿ ಕದಲದೆ ನಿಂತವು ಸರದಿ ಕಾಯುತ್ತಿರುವ ಹಡಗುಗಳು. 15 ಕಿ.ಮೀ. ದೂರದ ಹಡಗಿನ ಕೆಳಗಿನ ಏಳೆಂಟು ಮೀಟರ್ ಭೂಮಿಯ ಬಾಗಿನಲ್ಲಿ ಮರೆಯಾಗುವುದರಿಂದ ಅದು ಅರ್ಧ ಮುಳುಗಿದಂತೆ ತೋರುವುದುಂಟು. ಕೆಳಭಾಗದ ಕೆಂಪು ಬಣ್ಣ ಹೆಚ್ಚು ಕಂಡರೆ ಖಾಲಿ, ಮುಚ್ಚಿಹೋಗಿದ್ದರೆ ಭರ್ತಿ. ಬಿಳಿ–ಕೆಂಪು ಲಂಬಪಟ್ಟಿಯ ಬಾವುಟ ಹಾರುತ್ತಿದ್ದರೆ ಪೈಲಟ್ ಹಡಗಿನಲ್ಲಿದ್ದಾರೆ. ಪೂರ್ತಿ ಕೆಂಪು ಬಾವುಟವಿದ್ದರೆ ಅಪಾಯಕಾರಿ ಸರಕಿದೆ ಎಂದರ್ಥ.

ನದಿಬಂದರಿನ ನೋಟಕ್ಕೆ ಸುಲ್ತಾನ್ ಬತ್ತೇರಿಯ ದಂಡೆ ಅಥವಾ ಬೆಂಗ್ರೆಗೆ ಜನರನ್ನು ದಾಟಿಸುವ ಫೆರಿ ದೋಣಿ ಅನುಕೂಲ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಬೋಟುಗಳೆಲ್ಲ ಧಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ನದಿ ಬರಿದಾಗಿರುತ್ತದೆ. ಸಾಗರಗಾಮಿ ಹಡಗು ನದಿಯೊಳಗೇ ಬಹುದೂರ ಸಾಗುವುದನ್ನು ನೋಡಬೇಕೆಂದರೆ ಹೂಗ್ಲಿಗೆ ಹೋಗಬೇಕು. ಕೋಲ್ಕತ್ತ ಧಕ್ಕೆಗೆ ಪೈಲಟ್ ಸಹಿತ 200 ಕಿ.ಮೀ.ಗೂ ಅಧಿಕ ಪಯಣವಿದೆ.

ನವಮಂಗಳೂರು ಬಂದರಿನ ಆವರಣಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಹಡಗಿನ ಹೆಸರು, ಅದು ಹೊರಟ ಊರು ತಿಳಿಯಬಯಸುವವರು ಹಡಗುಗಳು ತಾವೇ ಬಿತ್ತರಿಸುವ ಸಂಕೇತಗಳನ್ನು ನಕ್ಷೆಯಲ್ಲಿ ತೋರಿಸುವ ಅಂತರ್ಜಾಲ ತಾಣಗಳನ್ನು ಬಳಸಬಹುದು. ಮಂಜಿಗಳು ಮಾತ್ರ ಅಲ್ಲಿ ಕಾಣಸಿಗುವುದು ಅಪರೂಪ. ಅವುಗಳ ವೇಳೆಯನ್ನು ಧಕ್ಕೆಯಲ್ಲಿಯೇ ವಿಚಾರಿಸಬೇಕು.